ಒಂದು ಮೂಲಿ

ಬನಹಟ್ಟ್ಯಾಗ ಕರೆಂಟ್ ಹೋತಂದ್ರ
ಓಣಿಗೆ ಓಣಿನ ಉಸಿರು ಹಿಡೀತೈತಿ.
ಇಪ್ಪತ್ತು ಮಗ್ಗ ಒಮ್ಮಿಗೇ ನಿಂತು
ಕಿವ್ಯಾಗ ಒಂದು ಗುಂಯ್ ಮಾತ್ರ ಉಳೀತೈತಿ.
ಆವಾಗ ನಾ ಊಟದ ಚೀಲ ಬಿಚ್ಚಿ
ಆ ಬಣ್ಣದ ಪೆಟ್ಟಿಗಿ ತಗೀತೀನಿ.

ದಾನೇಶ್ವರಿದು ಅದು, ನನ್ನ ಮಗಳದು.
ಬಸ್ ಸ್ಟ್ಯಾಂಡಿನ್ಯಾಗ ಅರವತ್ತು ರೂಪಾಯಿ ಕೊಟ್ಟು ತಂದು
ನಾಕು ದಿನಕ್ಕ ಕಲತು, ಐದನೇ ದಿನ ಬ್ಯಾಸತ್ತು
ಅಕ್ಕಿ ಡಬ್ಬಿ ಮ್ಯಾಲೆ ಒಗದಿದ್ಲು.
"ನಿನಗ ಬರೂದಿಲ್ಲ ಬಿಡಬೇ" ಅಂದ್ಲು.
ಬರೂದಿಲ್ಲ ಅಂದದ್ದಕ್ಕ ಹಿಡಕೊಂಡೆ.

ಮೊದಲ ತೋರಿಸಿದ್ದು ನಡುವಿನ ತುಂಡು:
"ಎಷ್ಟರ ತಿರುವು, ಇದು ಜಾಗಾ ಬಿಡೂದಿಲ್ಲ.
ಬಿಳೀ ಎದರಿಗೆ ಹಳದಿ, ಯಾವತ್ತೂ."
ಹಂಗಾರ ಇದು ನಮ್ಮತ್ತಿ, ಅಂದೆ.

ಬಿಳೀದು ಮುಗಸಾಕ ಒಂದು ವಾರ,
ನಡುವಿನ ಸಾಲಿಗೆ ಹದಿನೈದು ದಿನ.
ಕೂಲಿ ಚೀಟಿ ಹಿಂದ ಬರದುಕೊಟ್ಲು:
ಬಲಗಡಿ ಮ್ಯಾಲೆ,
ಮ್ಯಾಲಿಂದು ಎಡಕ್ಕ,
ಬಲಗಡಿ ಕೆಳಗ,
ಮ್ಯಾಲಿಂದು ಬಲಕ್ಕ.
ಓದೂದು ನನಗ ಅಷ್ಟಕ್ಕಷ್ಟ.
ಆದರ ನಾಕು ಪೆಟ್ಟಿನ ಲೆಕ್ಕ
ಈ ಕೈಗೆ ಹೇಳಿಕೊಡಬೇಕೇನು?
ಇಪ್ಪತ್ತಾರು ವರ್ಷಾತು ಕಂಡಿಕಿ ಸುತ್ತಾಕತ್ತಿ.
ಆರು ಸಲ ಅದನ್ನ ಮಾಡಿದರ
ಹೊಂಟಲ್ಲಿಗೇ ಬಂದು ನಿಂದರತೈತಿ ಪೆಟ್ಟಿಗಿ,
ಏನೂ ಆಗೇ ಇಲ್ಲ ಅನ್ನೂಹಂಗ.
ನನಗ ನಗು ಬಂತು.
ಸೋಮವಾರದಿಂದ ಶನಿವಾರ, ಎಣಿಸಿ ನೋಡ್ರಿ.

ಒಂದು ಮಾತಿಗೆ ಮಾತ್ರ ಕೈ ಭಾಳ ದಿನ ಒಪ್ಪಲಿಲ್ಲ:
ಮ್ಯಾಲಿಂದು ಕೂಡಬೇಕಂದ್ರ
ಕೆಳಗ ಕೂಡಿದ್ದನ್ನ ಕೆಡಸಬೇಕು.
ನೇದದ್ದನ್ನ ಬಿಚ್ಚೂ ಮಂದಿ ಅಲ್ಲ ನಾವು.
ಎಳಿ ಹರದರ ಗಂಟು ಹಾಕಿ
ಮುಂದ ಹೋಗತೀವಿ, ಹಿಂದಕ್ಕಲ್ಲ.
ಕಣ್ಣು ಮುಚ್ಚಿ ಕೆಡಸಿದೆ.
ತಗದು ನೋಡಿದರ ಬಿಳೀದು
ತಾನ ಬಂದು ಕುಂತಿತ್ತು, ಹೊರಗ ಹೋದ ಬೆಕ್ಕಿನಂಗ.

ಕಡೀಕ ಒಂದು ಮೂಲಿ ಉಳೀತು.
ಐವತ್ತೊಂದು ಚೌಕ ತಮ್ಮ ತಮ್ಮ ಮನ್ಯಾಗ,
ಮೂರು ಬಾಗಲ ಹೊರಗ.
ಕೆಡಸಿದೆ, ಮತ್ತ ಮಾಡಿದೆ,
ಒಮ್ಮೆ ಈ ಮೂಲಿ, ಒಮ್ಮೆ ಆ ಮೂಲಿ.
ಕೇಳಬೇಕಂದ್ರ ದಾನೇಶ್ವರಿ
ಜಮಖಂಡಿ ಹಾಸ್ಟೆಲ್ಲಿಗೆ ಹೋಗಿದ್ಲು.
ಇಡೀ ಶ್ರಾವಣ ನನ್ನ ತಲೀನ ಬೈಕೊಂಡೆ.
ಎಲ್ಲಿ ತಪ್ಪಿದೆ, ಎಲ್ಲಿ ತಪ್ಪಿದೆ ಅನಕೋತ
ನಾಕು ರೊಟ್ಟಿ ಕರಕ ಮಾಡಿದೆ.

ಮಗ್ಗದ ರಿಪೇರಿಗೆ ಬಂದ ಅಲ್ಲಾಬಕ್ಷ
ಕೈಗೆ ತಗೊಂಡವ ತಿರುವಲಿಲ್ಲ,
ಕಿವಿ ಹತ್ತರ ಹಿಡದು ಅಲ್ಲಾಡಿಸಿದ.
"ಅಕ್ಕಾ, ಇದನ್ನ ಯಾರೋ ಬಿಚ್ಚಿ ಕೂಡಸ್ಯಾರ.
ಒಂದು ಮೂಲಿ ತಿರುಗಿ ಕುಂತೈತಿ.
ನೂರು ವರ್ಷ ತಿರುವು, ಕೂಡೂದಿಲ್ಲ."

ರಾತ್ರಿ ಕೇಳಿದೆ.
ನಮ್ಮ ಮನ್ಯಾವರು ಬೆಳ್ಳೊಳ್ಳಿ ಸುಲೀತಿದ್ರು,
ಸುಲಕೋತನ ಹೇಳಿದ್ರು:
"ಕೈ ಜಾರಿತ್ತು. ನೀ ಮಲಗಿದ್ದಿ.
ಇಪ್ಪತ್ತು ತುಂಡು, ನೆಲದ ತುಂಬ.
ಮೊಬೈಲ್ ಬೆಳಕಿನ್ಯಾಗ ಬೆಳತನಕ ಕೂಡಿಸಿದೆ.
ಎಲ್ಲಾ ಬರೋಬ್ಬರಿ ಆಗೇತಿ ಅಂತ ತಿಳಕೊಂಡಿದ್ದೆ."

ಸಿಟ್ಟು ಬರಲಿಲ್ಲ ಅಂದ್ರ ಸುಳ್ಳಾಗತೈತಿ.
ಒಂದು ತಿಂಗಳ ಸಿಟ್ಟು ಅದು.
ಆದರ ಆ ಇಪ್ಪತ್ತು ತುಂಡು,
ನೆಲಕ್ಕ ಬಾಗಿದ ಆ ಬೆನ್ನು,
ನಾ ಏಳಬಾರದಂತ ಹಿಡದ ಉಸಿರು...
ಹತ್ತೊಂಬತ್ತು ಸರಿ ಕುಂತಿದ್ದುವಲ್ಲ.

ಮರುದಿನ ಕರೆಂಟ್ ಹೋದಾಗ
ಮೂಲಿಗೆ ಹೆಬ್ಬೆಟ್ಟು ಕೊಟ್ಟು ಒತ್ತಿ ತಿರುವಿದೆ.
ಯಾವ ಚೀಟಿ ಮ್ಯಾಲೂ ಬರದಿಲ್ಲದ ತಿರುವು.
ಲಟಕ್ ಅಂತು.
ಆರೂ ಮಗ್ಗಲು ಆರು ಬಣ್ಣ.
ತೋರಸೂಣಂದ್ರ ಕಾಶವ್ವ
ಗ್ವಾಡಿಗೆ ಆತು ನಿದ್ದಿ ಹೊಡೀತಿದ್ಲು.

ಮಗ್ಗದ ಪಟ್ಟಿ ಮ್ಯಾಲೆ ಇಟ್ಟೆ.
ಕರೆಂಟ್ ಬಂತು.
ಖಟಾ ಖಟಾ ನಡುಗಕೋತ ಪೆಟ್ಟಿಗಿ
ಕೂದಲೆಳಿ ಕೂದಲೆಳಿ ಅಂಚಿಗೆ ಸರೀತಿತ್ತು.
ಕಂಡಿಕಿ ಹಿಡಕೊಂಡು ನೋಡಕೋತ ಕುಂತೆ,
ಎದ್ದು ಹಿಡೀಲಿಲ್ಲ.
ಬಿದ್ದರ ಬೀಳವಲ್ದ್ಯಾಕ,
ಈ ಸಲ ಇಬ್ಬರೂ ಕುಂತು ಕೂಡಸ್ತೀವಿ.