ಹನ್ನೊಂದನೇ ನಿಮಿಷ

ಲಗೇಜ್ ಆಟೋದಲ್ಲಿ ದುಪ್ಪಟಿ ಹೊದ್ದು ಬಂತು,
ಜ್ವರ ಬಂದ ಕೂಸಿನ ಹಾಗೆ,
ಖಾತೂನ್‌ಬಿಯ ಮೂವತ್ತೆರಡು ಇಂಚು.
"ಹಚ್ಚಿದ ಹನ್ನೊಂದನೇ ನಿಮಿಷಕ್ಕೆ
ತಾನಾಗೇ ಆರ್ತತಿ ಹಾಲೇಶಣ್ಣ,
ಗಡಿಯಾರ ನೋಡ್ಕೊಂಡೇ ಹೇಳ್ತಿದೀನಿ."

ಮಂಡಿಪೇಟೆಯ ನನ್ನ ಅಂಗಡಿಯಲ್ಲಿ
ಅದಕ್ಕೆ ಯಾವ ಕಾಯಿಲೆಯೂ ಇರಲಿಲ್ಲ.
ಬೆಳಿಗ್ಗೆ ಹಚ್ಚಿದ್ದು ಶಟರ್ ಎಳೆಯುವವರೆಗೆ ಓಡಿತು:
ಅಡುಗೆ, ಅಳು, ಕ್ರಿಕೆಟ್ಟು, ಕೊಬ್ಬರಿ ಎಣ್ಣೆ,
ಮತ್ತೆ ಅಳು.
ಮೂರು ದಿನ.
ಟೈಮರ್ ನೋಡಿದೆ, ಇಟ್ಟಿರಲಿಲ್ಲ.
ರಿಮೋಟಿನ ಕೆಂಪು ಗುಂಡಿ ಸಿಕ್ಕಿಕೊಂಡಿದೆಯೇ ಎಂದು
ಸೆಲ್ಲು ಕಿತ್ತು ನೋಡಿದೆ.
ಮೀಟರಿನ ಎರಡು ಮೊನೆ ಇಟ್ಟು
ಒಂದೊಂದೇ ಬಿಂದುವನ್ನು ಕೇಳಿದೆ:
ಐದು ವೋಲ್ಟು, ಹನ್ನೆರಡು ವೋಲ್ಟು,
ಎಲ್ಲ ಸಾಲಿ ಹುಡುಗರಂತೆ ಹಾಜರಿ ಹೇಳಿದವು.

ಏನೂ ಕೆಟ್ಟಿಲ್ಲ ಎಂದು ವಾಪಸು ಕೊಟ್ಟರೆ
ಮೆಕ್ಯಾನಿಕ್ಕಿನ ಮರ್ಯಾದೆ ಏನಾಗಬೇಕು?
ಗಟ್ಟಿಮುಟ್ಟಾಗಿದ್ದ ಎರಡು ಕೆಪಾಸಿಟರ್ ಕಿತ್ತೆ,
ಅಷ್ಟೇ ಗಟ್ಟಿಮುಟ್ಟಾದ ಎರಡು ಹಾಕಿದೆ,
ಮುನ್ನೂರೈವತ್ತು ಇಸಕೊಂಡೆ.

ಮಾರನೆ ಸಂಜೆ ಫೋನು.
"ಈಗ ಒಂಬತ್ತಕ್ಕೇ ಆರ್ತತಿ."

ಉಸ್ತಾದ್ ಗೌಸ್‌ಸಾಬರು ಒಂದು ಮಾತು ಹೇಳುತ್ತಿದ್ದರು,
ಬಾಯಲ್ಲಿ ಸೋಲ್ಡರ್ ತಂತಿ ಕಚ್ಚಿಕೊಂಡೇ,
ಅರ್ಧ ಮಾತ್ರ ತಿಳಿಯುತ್ತಿತ್ತು:
ಮಾವನ ಮನೇಲಿ ಅಳಿಯನ್ನ ನೋಡಿ
ಗುಣ ಹೇಳಬ್ಯಾಡ.

ಟೂಲ್ಸ್ ಚೀಲ ಹ್ಯಾಂಡಲಿಗೆ ಸಿಕ್ಕಿಸಿ
ರೈಲ್ವೆ ಗೇಟು ಏಳುವುದನ್ನು ಕಾಯ್ದು
ಭಟ್ಟಿ ಲೈನಿಗೆ ಹೋದೆ.
ಕಾದ ಮರಳಿನ ವಾಸನೆ, ಹೊಟ್ಟಿನ ಬೂದಿ,
ಬೆಳಿಗ್ಗೆ ತಂತಿಗೆ ಹಾಕಿದ ಬಿಳಿ ಅಂಗಿ
ಸಂಜೆಗೆ ಬಿಳಿಯಲ್ಲ.

ಎಂಟಡಿ ಹತ್ತಡಿ ಕೋಣೆ. ಹಚ್ಚಿದೆ.
ಖಾತೂನ್‌ಬಿ, ಕಿವಿ ಕೇಳದ ಅವಳ ಅತ್ತೆ, ಇಬ್ಬರು ಹುಡುಗರು
ಪರೀಕ್ಷೆ ನನಗೇ ಎಂಬಂತೆ ಕೂತರು.
ಒಂಬತ್ತು.
ಟಪ್.
ಕೆಂಪು ದೀಪ ನಾಲ್ಕು ಸಲ ಮಿಟುಕಿ, ಸುಮ್ಮನಾಗಿ,
ಮತ್ತೆ ನಾಲ್ಕು ಸಲ.

ಇಳಿಸಲೆಂದು ಗೋಡೆಗೆ ಕೈ ಕೊಟ್ಟವನು
ಹಾ ಎಂದು ಹಿಂದೆಗೆದೆ.
ರೊಟ್ಟಿ ಹಾಕಬಹುದಿತ್ತು ಅದರ ಮೇಲೆ.
"ಗೋಡೆ ಆಚೆ ಏನೈತಿ?"
"ಭಟ್ಟಿ," ಅಂದಳು, ಇನ್ನೇನಿರ್ತತಿ ಎನ್ನುವ ಹಾಗೆ.

ಬೆನ್ನ ಮುಚ್ಚಳ ಬಿಚ್ಚಿದೆ.
ಉಸಿರಾಡುವ ತೂತುಗಳಲ್ಲೆಲ್ಲ ಕಪ್ಪು ಜಿಡ್ಡು,
ಮೂಲೆಯಲ್ಲಿ ಒಂದೇ ಒಂದು ಮಂಡಕ್ಕಿ,
ಬೆಳ್ಳಗೆ, ಹೇಗೆ ಹೊಕ್ಕಿತೋ.
ಚಿಕ್ಕ ಹುಡುಗ ಅದನ್ನು ಬಾಯಿಗೆ ಹಾಕಿಕೊಂಡ.

ಬ್ರಷ್ಷಿನಲ್ಲಿ ಗುಡಿಸುತ್ತ ಹೇಳಿದೆ:
ಕೆಟ್ಟಿಲ್ಲಕ್ಕ ಇದು, ಕಾದೈತಿ.
ಸುಟ್ಟು ಹೋಗೋದರ ಬದಲು ಕಣ್ಣು ಮುಚ್ತತಿ.
ಜಾಣ ಸೆಟ್ಟು. ಎದುರಿನ ಗೋಡೆಗೆ ಹಾಕೋಣ.

"ಅದು ಮೈದುನನ ಪಾಲು.
ಮೊಳೆ ಹೊಡೆದರೆ ಕೋರ್ಟಿಗೆ ಹೋಗ್ತಾನೆ."
ಮೂರನೆಯದರಲ್ಲಿ ಬಾಗಿಲು.
ನಾಲ್ಕನೆಯದು ಬರೀ ತಗಡು.

ಏನೂ ಹೊಳೆಯದೆ ಕೂತೆ.
ನಮ್ಮ ಮಾತೊಂದೂ ಕೇಳಿಸದ ಅತ್ತೆ,
ನನ್ನ ಕೈ, ಗೋಡೆ, ಸೆಟ್ಟು ನೋಡುತ್ತಿದ್ದವಳು,
ಮಂಚದಡಿಯಿಂದ ಒಂದು ಡಬ್ಬಿ ಎಳೆದಳು.
ಮುಚ್ಚಿಹೋದ ಕಾಟನ್ ಮಿಲ್ಲಿನ
ಮರದ ಬಾಬಿನ್ನು, ನಾಲ್ಕು,
ನೂಲು ಸವೆಸಿ ಸವೆಸಿ ನುಣುಪು, ನಡುವೆ ತೂತು.
ಅವಳ ಕಿವಿ ಇಸಕೊಂಡು
ಮಿಲ್ಲು ಕೊಟ್ಟದ್ದು ಅಷ್ಟೇ ಏನೋ.

ಉದ್ದನೆ ಬೋಲ್ಟು ಅವುಗಳೊಳಗೆ ತೂರಿಸಿ ಬಿಗಿದೆ.
ಗೋಡೆಗೂ ಟಿವಿಗೂ ನಡುವೆ ಈಗ
ಒಂದು ಗೇಣು ಗಾಳಿ.

ಒಂಬತ್ತು. ಹತ್ತು.
ಪರದೆಯಲ್ಲಿ ಯಾರದೋ ಮದುವೆ ಮುರಿಯುತ್ತಿತ್ತು,
ನಮ್ಮೆಲ್ಲರ ಕಣ್ಣು ಗಡಿಯಾರದ ಮೇಲೆ.
ಹನ್ನೊಂದು. ಹನ್ನೆರಡು.
ಮೊರದ ತುಂಬ ಮಂಡಕ್ಕಿ ಬಂತು, ಮೇಲೆ ಮೆಣಸಿನಕಾಯಿ.
ಇಪ್ಪತ್ತು.
ಆ ಕೆಪಾಸಿಟರ್, ಆ ಮುನ್ನೂರೈವತ್ತರ ವಿಷಯ
ಈಗ ಹೇಳಿಬಿಡೋಣ ಎಂದು ಬಾಯಿ ತೆರೆದೆ.

ಟಪ್.

ಎಲ್ಲರೂ ನನ್ನನ್ನೇ ನೋಡಿದರು.
ಅರೆಗತ್ತಲಲ್ಲಿ ಮೇಲಕ್ಕೆ ಬೆರಳು ತೋರಿಸಿದೆ,
ಫ್ಯಾನೂ ನಿಲ್ಲುತ್ತಿತ್ತು.
"ಇದು ನಂದಲ್ಲ, ಬೆಸ್ಕಾಮಿಂದು."
ಮೊದಲು ನಕ್ಕವಳು ಅತ್ತೆ.

ಗೋಡೆಯಾಚೆ ಭಟ್ಟಿ
ಕರೆಂಟಿನ ಹಂಗಿಲ್ಲದೆ ಚಟಪಟ ಅರಳಿಸುತ್ತಲೇ ಇತ್ತು.
ಹೇಳಬೇಕಾದ್ದು ಬಾಯಲ್ಲೇ ಉಳಿಯಿತು,
ಮಂಡಕ್ಕಿಯ ಜತೆ.