ಒಗರಿನ ಲೆಕ್ಕ

ಎಲ್ಚೆಯಲ್ಲಿ ಅಕ್ಟೋಬರ್. ದಾಳಿಂಬೆ ತಾನಾಗಿ ಬಿರಿಯುವ ತಿಂಗಳು.
ನನ್ನ ಎರಡು ಕೈ ಮಾತ್ರ ಮೊಣಕೈವರೆಗೆ
ಆಮ್ಲಜನಕವಿಲ್ಲದ ಪೆಟ್ಟಿಗೆಯೊಳಗೆ,
ದಪ್ಪ ರಬ್ಬರಿನ ಗವಸಿನಲ್ಲಿ.
ಒಳಗಿರುವವರಿಗೆ ನಮ್ಮ ಗಾಳಿಯೇ ವಿಷ.
ಮೂವತ್ತೇಳು ಡಿಗ್ರಿ:
ಜ್ವರ ಬಿಟ್ಟ ಮಗುವಿನ ಹಣೆಯಷ್ಟು.

ಸೀಸೆಗಳ ಮೇಲೆ ಹೆಸರಿಲ್ಲ, ಸಂಖ್ಯೆ.
ಆದರೆ ಬಾಗಿಲಲ್ಲಿ ಡಬ್ಬ ಇಸಿದುಕೊಂಡವಳು ನಾನೇ.
ಹದಿನೇಳು, ತೋಟಗಳಲ್ಲಿ ಕಸಿ ಕಟ್ಟುವ ಕಸಿಮಿರೋ.
ಹದಿನೆಂಟು, ಅವನ ಹೆಂಡತಿ ಒಬ್ದುಲಿಯಾ;
ಡಬ್ಬವನ್ನು ಬೇಕರಿಯ ಕಾಗದದಲ್ಲಿ ಸುತ್ತಿ
ಹಸಿರು ರಿಬ್ಬನ್ ಕಟ್ಟಿ ತಂದವಳು.
‘ಏನೇ ಇರಲಿ ಮಗಳೇ,
ಕೊಡುವುದು ಚೆಂದ ಕಾಣಬೇಕು.’

ಇಬ್ಬರಿಗೂ ಒಂದೇ ಸಿಪ್ಪೆಯ ಸಾರ, ಒಂದೇ ತೂಕ, ಒಂದೇ ಗಳಿಗೆ.
ಸೊನ್ನೆ ಗಂಟೆ. ಆರು. ಇಪ್ಪತ್ತನಾಲ್ಕು. ನಲವತ್ತೆಂಟು.
ಪ್ರತಿ ಸಲವೂ ತುಸು ಹೀರಿ, ಹಿಮದಲ್ಲಿ ಅದ್ದಿ,
ಕೆಲಸ ನಿಲ್ಲಿಸುತ್ತೇನೆ,
ಸಾಲಿನ ನಡುವೆ ಕೂಲಿಯವರನ್ನು ತಡೆದು
ಇಷ್ಟೊತ್ತು ಎಷ್ಟು ಕೊಯ್ದಿರಿ ಎಂದು
ಬುಟ್ಟಿಗೆ ಕೈಹಾಕುವ ಮೇಸ್ತ್ರಿಯ ಹಾಗೆ.

ಒಗರು ನಾಲಿಗೆಗೆ ಗೊತ್ತು:
ಕೆನ್ನೆಯ ಒಳಬದಿಯನ್ನು ಹಿಡಿದು ಜಗ್ಗುವ ರುಚಿ.
ಹೊಟ್ಟೆಗೆ ಅದು ಬಿಡಿಸಲಾರದ ಗಂಟು.
ಸಣ್ಣ ಕರುಳು ಕೈಚೆಲ್ಲಿ ಮುಂದಕ್ಕೆ ದಾಟಿಸುತ್ತದೆ.
ಮುಂದೆ, ಕತ್ತಲಲ್ಲಿ,
ಹೆಸರಿಡಲು ನಮಗಿನ್ನೂ ಪುರುಸೊತ್ತಾಗದಷ್ಟು ಮಂದಿ
ದೊಡ್ಡ ಅಣುವನ್ನು ಕೂರಿಸಿಕೊಂಡು
ಅಂಗಿಯ ಗುಂಡಿ ಒಂದೊಂದೇ ಬಿಚ್ಚುತ್ತಾರೆ.
ಒಬ್ಬ ಬಿಚ್ಚಿದ್ದು ಇನ್ನೊಬ್ಬನ ಊಟ.
ಕೊನೆಗುಳಿದ ಬಡಕಲಿಗೆ ಯುರೊಲಿಥಿನ್ ಎಂದು ಹೆಸರು.
ಅದು ರಕ್ತಕ್ಕೆ ಇಳಿಯುತ್ತದೆ.
ಎಲ್ಲರಲ್ಲೂ ಅಲ್ಲ.

ಹದಿನೇಳರಲ್ಲಿ ಎರಡನೆಯ ದಿನ ಪರದೆಯ ಮೇಲೆ
ಚೂಪಾಗಿ ಎದ್ದಿತು ಗೆರೆ, ಸಾಂತಾ ಮರಿಯಾ ಗಂಟೆಗೋಪುರದಂತೆ.
ಹದಿನೆಂಟರಲ್ಲಿ ನೆಲ ಹಿಡಿದು ಮಲಗಿತ್ತು.
ಯಂತ್ರವನ್ನು ತೊಳೆದೆ. ಮತ್ತೆ ಹಾಕಿದೆ.
ಮಲಗಿಯೇ ಇತ್ತು.
ಐವತ್ತೊಂದು ವರ್ಷ ಒಂದೇ ಮೇಜು, ಒಂದೇ ಎಣ್ಣೆ,
ಬಾವಿಯ ಪಕ್ಕದ ಅದೇ ಮರದ ಹಣ್ಣು.

ಶುಕ್ರವಾರ ಬಂದಳು, ಕೈಚೀಲದಲ್ಲಿ ನಾಲ್ಕು ದಾಳಿಂಬೆ.
‘ನನ್ನದು ಹೇಗೆ ಬಂತು?’
ಹೇಳಬಾರದೆಂಬುದು ನಿಯಮ. ನಿಯಮವನ್ನೇ ಹೇಳಿದೆ.
ಮುಖ ಯಾವ ಕಾಗದಕ್ಕೂ ಸಹಿ ಹಾಕಿರಲಿಲ್ಲ.
‘ಅವನದು ಬಂತು, ಅಲ್ವಾ?’ ಅಂದಳು, ನಗುತ್ತಲೇ.
‘ಅವನಿಗೆ ಇಕ್ಕಿದ್ದೆಲ್ಲ ಮೈಗೆ ಹತ್ತುತ್ತೆ.
ನಾನು ಹೊಟ್ಟೆಗೆ ಹಾಕಿಕೊಂಡದ್ದು
ಹಾಕಿಕೊಂಡ ಹಾಗೇ ಇರುತ್ತೆ.’

ಸಂಜೆ ಎಲ್ಲರೂ ಹೋದ ಮೇಲೆ
ಮಲಗಿದ ಗೆರೆಯನ್ನು ಇಂಚಿಂಚೇ ಹಿಗ್ಗಿಸಿ ನೋಡಿದೆ.
ಒಂಬತ್ತನೆಯ ನಿಮಿಷದ ಹತ್ತಿರ ಒಂದು ಉಬ್ಬು,
ಚಾದರದ ಕೆಳಗೆ ಮೊಣಕಾಲು ಎತ್ತಿದಷ್ಟು.
ಪಟ್ಟಿಯಲ್ಲಿ ಅದಕ್ಕೆ ಹೆಸರಿಲ್ಲ.
ನಮ್ಮ ಕಪಾಟಿನ ಯಾವ ಶುದ್ಧ ಪುಡಿಯೂ ಅಲ್ಲಿ ಏಳುವುದಿಲ್ಲ.
ಯಂತ್ರ ಕೇಳಿದ್ದಕ್ಕಷ್ಟೇ ಬಾಯಿಬಿಡುತ್ತದೆ;
ಇದನ್ನು ಯಾರೂ ಕೇಳಿರಲಿಲ್ಲ.

ಡಾಕ್ಟರ್ ಇಬೋರಾ ಸೋಮವಾರ ನೋಡಿ ಕೊಳೆ ಎಂದರು.
ಇದ್ದೀತು.
ನೋಟುಬುಕ್ಕಿನ ಅಂಚಿನಲ್ಲಿ ಪೆನ್ಸಿಲ್ಲಿನಿಂದ
‘೧೮, ಒಂಬತ್ತು ನಿಮಿಷ, ಏನು?’
ಎಂದು ಬರೆದದ್ದನ್ನು ಅಳಿಸಲಿಲ್ಲ.

ಮಧ್ಯಾಹ್ನ ಸಿಂಕಿನ ಮೇಲೆ ಬಾಗಿ
ಅವಳ ಹಣ್ಣೊಂದನ್ನು ಬಿಡಿಸಿ ತಿಂದೆ,
ಕಾಳುಗಳ ನಡುವಿನ ಹಳದಿ ಪೊರೆಯನ್ನೂ ಬಿಡದೆ.
ಕೋಟಿನ ತೋಳಿಗೆ ಕಲೆ ಹತ್ತಿತು.
ಆರು ವರ್ಷದಿಂದ ಊರವರ ಕರುಳು ಅಳೆಯುತ್ತಿದ್ದೇನೆ,
ನನ್ನೊಳಗೆ ಯಾರು ಬಿಡಾರ ಹೂಡಿದ್ದಾರೋ
ಒಮ್ಮೆಯೂ ವಿಚಾರಿಸಿಲ್ಲ.

ಕಪಾಟಿನಿಂದ ಹೊಸ ಡಬ್ಬ ತೆಗೆದು
ಹತ್ತೊಂಬತ್ತು ಎಂದು ಬರೆದೆ.
ಆಮೇಲೆ, ಯಾರೂ ನೋಡುತ್ತಿಲ್ಲವೆಂದು ಖಾತ್ರಿಯಾಗಿ,
ಡ್ರಾಯರಿನಲ್ಲಿ
ಆ ಹಸಿರು ರಿಬ್ಬನ್ನಿಗಾಗಿ ಹುಡುಕಿದೆ.