ಬೆರಳಿಗೆ ಗೆರೆಯಿಲ್ಲ

ಕಡಲತೀರದ ಟ್ರಾಮಿನಲ್ಲಿ ಯಾವನೋ
ನನ್ನ ಚೀಲದ ಹೊಟ್ಟೆ ಸೀಳಿದ.
ಎಂಥ ಹಗುರ ಕೈ ಎಂದರೆ
ಒಳಗಿದ್ದ ಬ್ರೆಡ್ಡಿನ ತುದಿಗೂ ಗಾಯವಿಲ್ಲ.

ಮೊದಲ ಮೂರು ವರ್ಷ ಈ ವಲೆನ್ಸಿಯಾದಲ್ಲಿ
ನೀಲಿ ಅಂಗಿ ಕಂಡರೆ ಬೀದಿ ಬದಲಿಸಿದವಳು ನಾನು,
ಕಹಿಕಿತ್ತಳೆ ಮರದ ಹಿಂದೆ ಬಗ್ಗಿ
ಬಿಚ್ಚದ ಶೂ ದಾರ ಕಟ್ಟುತ್ತ ಕೂತವಳು.
ಈಗ ಓಡಿಹೋಗಿ ಪೊಲೀಸನನ್ನೇ ಹಿಡಿದು ಕೇಳಿದೆ:
ಠಾಣೆ ಎಲ್ಲಿ?
ದಾರಿ ತೋರಿಸಿದ. ನಕ್ಕ ಕೂಡ.

ಹೋದದ್ದೇನು, ಬೆಲೆ ಎಷ್ಟು, ಕೇಳಿತು ನಮೂನೆ.
ಮೂವತ್ತೈದು ಯೂರೋ. ಎರಡು ಕೀಲಿ.
ಮಂಡಿನೋವಿನ ಮುಲಾಮು, ಅರ್ಧ ಟ್ಯೂಬು.
ವಾಸದ ಕಾರ್ಡು ಒಂದು.
ಅದರ ಮುಂದೆ ಗುಮಾಸ್ತ ಸೊನ್ನೆ ಬರೆದ,
ಪ್ಲಾಸ್ಟಿಕ್ಕಿಗೆ ಮಾರುಕಟ್ಟೆ ಬೆಲೆ ಇಲ್ಲವಂತೆ.
ಬಾಯಿ ತೆರೆದೆ, ಮುಚ್ಚಿದೆ.
ಹೆರವರ ಭಾಷೆಯಲ್ಲಿ ಜಗಳಕ್ಕೆ ಬೇಕಾದ ಕ್ರಿಯಾಪದ
ಯಾವಾಗಲೂ ಮೆಟ್ಟಿಲಿಳಿದ ಮೇಲೆ ಬರುತ್ತದೆ.

ಇಫ್ತಿಖಾರನ ಫೋನಂಗಡಿಯಲ್ಲಿ, ಬಿಳಿ ಪರದೆ ಮುಂದೆ,
ಕಿವಿ ಕಾಣಬೇಕು, ಹಲ್ಲು ಕಾಣಬಾರದು.
ಮೂರು ಫೋಟೊ ಸಾಕೆಂದರೂ ಆರು ಕತ್ತರಿಸಿಕೊಟ್ಟ:
"ಮುಂದಿನ ಸಲಕ್ಕಿರಲಿ, ಅಕ್ಕ."
ನಿನ್ನ ಬಾಯಿಗೆ ಹುಳ ಬೀಳ ಎಂದು
ಮನಸ್ಸಲ್ಲೇ ಬೈದು ದುಡ್ಡು ಕೊಟ್ಟೆ.

ಹದಿನೆಂಟನೇ ದಿನ ನನ್ನ ಸರದಿ.
ಗಾಜಿನಾಚೆ ಅಂಪಾರೊ. ಆ ಹೆಸರಿಗೆ ಆಸರೆ ಎಂದರ್ಥ,
ಅವಳಿಗದು ನೆನಪಿದ್ದಂತಿರಲಿಲ್ಲ.
ನಾತೆಲಾ ಎಂದಳು ಸಲೀಸಾಗಿ.
ಮ್ಚೆಡ್ಲಿಶ್ವಿಲಿ ಎಂಬಲ್ಲಿ ಎಡವಿ
ಮುಂದೊಂದು ಎ ಸೇರಿಸಿ
ಊರುಗೋಲು ಕೊಟ್ಟು ದಾಟಿಸಿದಳು.
ಕಮ್ಮಾರನ ಕೂಸು ಎಂದರ್ಥ, ಹೇಳಿದೆ.
ಬೆರಳಿಡಿ, ಅಂದಳು.

ಬಲಗೈಯದು ಇಟ್ಟೆ. ಯಂತ್ರ ಕೆಂಪಾಯಿತು.
ಒರೆಸಿ ಇಟ್ಟೆ. ಕೆಂಪು.
ಡ್ರಾಯರಿನಿಂದ ತನ್ನದೇ ಕ್ರೀಮು ತೆಗೆದುಕೊಟ್ಟಳು,
ಬಾಯುಸಿರು ಊದಿಸಿದಳು,
ಕೊನೆಗೆ ನನ್ನ ಬೆರಳು ತಾನೇ ಹಿಡಿದು ಒತ್ತಿದಳು
ಹಠಮಾರಿ ಮಗುವಿಗೆ ಅಕ್ಷರ ತಿದ್ದಿಸುವಂತೆ.
ಕೆಂಪು.
"ಏನು ಕೆಲಸ ನಿಮ್ಮದು?"

ಒಂಬತ್ತು ವರ್ಷ, ಹೋಟೆಲಿನ ಹಾಸುಬಟ್ಟೆ.
ಯಾರದೋ ವೈನು, ಯಾರದೋ ಮುಟ್ಟು,
ಮಗುವಿನ ವಾಂತಿ, ಮದುಮಗಳ ಕಾಡಿಗೆ
ಬ್ಲೀಚಿನಲ್ಲಿ ತಿಕ್ಕಿ ತಿಕ್ಕಿ
ಅವರು ಅಲ್ಲಿ ಮಲಗಿಯೇ ಇರಲಿಲ್ಲ ಅನ್ನಿಸುವುದು.
ಕೈ ಕೆಸರಾದರೆ ಬಾಯಿ ಮೊಸರು ಅನ್ನುತ್ತಾರೆ,
ನನ್ನ ಕೈಗೆ ಕೆಸರು ನಿಲ್ಲಲೇ ಇಲ್ಲ.
ಕಲೆಯ ಜೊತೆ ಗೆರೆಯೂ ಹೋಗಿದ್ದೀತು.

ಹಿಂದಿನ ಸಾಲು ಗೊಣಗಿತು.
ಎಡಗೈ ಕೊಡಿ, ಅಂದಳು, ಕೊನೆಯ ಸಲ.
ಅಲ್ಲಿ ತೋರುಬೆರಳ ತುದಿಗೆ,
ಏಳನೇ ವಯಸ್ಸಿನಲ್ಲಿ, ಕುತೈಸಿಯ ಅಜ್ಜನ ಕುಲುಮೆಯಿಂದ
ಹಾರಿಬಂದು ಕೂತ ಕಿಡಿಯ ಗುರುತು,
ಅಮ್ಮ ಅಜ್ಜನೊಡನೆ ಒಂದು ವಾರ
ಮಾತುಬಿಟ್ಟ ಗುರುತು.
ಯಂತ್ರ ಯೋಚಿಸಿತು.
ಹಸಿರು.

ತಿಂಗಳ ಮೇಲೆ ಹತ್ತು ದಿನಕ್ಕೆ ಹೊಸದು ಬಂತು.
ಹಳೆಯದೂ ಬಂದು ಕೂತಿತ್ತು:
ಕಳ್ಳ ಅಂಚೆಪೆಟ್ಟಿಗೆಗೆ ಹಾಕಿದ್ದನಂತೆ, ಮರ್ಯಾದಸ್ಥ.
ಎರಡನ್ನೂ ಮೇಜಿನ ಮೇಲಿಟ್ಟಳು ಅಂಪಾರೊ.
ಹಳೆಯವಳಿಗೆ ಕೂದಲು ಇನ್ನೂ ಕಪ್ಪು.
ಅವಳೂ ನಗುತ್ತಿರಲಿಲ್ಲ,
ಆದರೆ ತಡೆದುಕೊಂಡಂತಿತ್ತು.
ಇಟ್ಟುಕೊಳ್ಳಲೇ, ಕೇಳಿದೆ.
ಹಾಗಿಲ್ಲ, ಅಂದು ತೂತು ಹೊಡೆದಳು,
ಮುಖ ಬಿಟ್ಟು, ಮೂಲೆಗೆ.

ಕೀಲಿಗಳು ಮಾತ್ರ ಇನ್ನೂ ಅವನ ಬಳಿ.
ಬೀಗ ಬದಲಾಯಿಸಿ ಆಯಿತು, ಅರವತ್ತು ಯೂರೋ.
ಆದರೂ ರಾತ್ರಿ ಲಿಫ್ಟು ನಮ್ಮ ಮಹಡಿಗೆ ಬಂದು ನಿಂತರೆ
ಜೊತೆಯ ಎಡೆಲ್ಮಿರಾ ಟೀವಿಯ ದನಿ ತಗ್ಗಿಸುತ್ತಾಳೆ,
ಇಬ್ಬರೂ ಬಾಗಿಲ ಕಡೆ ಕಿವಿಗೊಡುತ್ತೇವೆ.